ತಿರುಗಿ ಬರುವ ತೆರೆ

ಬೆಳಿಗ್ಗೆ ಯಂತ್ರ ಹಚ್ಚಿದ ಕೂಡಲೇ
ಮೊದಲ ನಾಡಿ ನನ್ನದೇ.
ನಿಯಮವೇನಲ್ಲ, ಚಾಳಿ.
ಎಡ ಮಣಿಕಟ್ಟಿಗೆ ಪೆನ್ನಿನಂಥ ಸೆನ್ಸರ್ ಒತ್ತಿ
ನೋಡುತ್ತೇನೆ:
ಏರು, ನೆತ್ತಿ, ಇಳಿತ,
ಇಳಿತದಲ್ಲೊಂದು ಸಣ್ಣ ಕಚ್ಚು,
ಕಚ್ಚಿನಾಚೆ ಮತ್ತೊಂದು ಪುಟ್ಟ ಉಬ್ಬು.
ಯಂತ್ರ ಸರಿ ಉಂಟು.

ಹತ್ತು ಗಂಟೆಗೆ ಬೆಂಗ್ರೆಯಿಂದ ಫೆರಿ ದಾಟಿ ಬಂದವರು
ವಾಮನ ತಿಂಗಳಾಯ, ಅರವತ್ತಾರು,
ಮೂವತ್ತೊಂದು ವರ್ಷ ಬೋಟಿನ ತಾಂಡೇಲ.
ಚೀಟಿಯಲ್ಲಿ ಬಿ.ಪಿ. ನೂರ ಎಪ್ಪತ್ತೆಂಟು, ಎಪ್ಪತ್ತೆರಡು.
"ಮೇಲಿನದು ಹಾರುತ್ತದೆ, ಕೆಳಗಿನದು ಮಲಗಿದೆ,
ಇದೆಂತ ಲೆಕ್ಕ ಸಿಸ್ಟರ್?"
ನಾನು ಸಿಸ್ಟರಲ್ಲ, ಟೆಕ್ನಿಶಿಯನ್. ಹೇಳಲಿಲ್ಲ.
ಚಹಾ ಕುಡಿದಿರಾ? ಬೀಡಿ?
"ದಕ್ಕೆಯಲ್ಲಿ ಒಂದು." ಸ್ವಲ್ಪ ತಡೆದು, "ಎರಡು."
ಹಾಗಾದರೆ ಕಾಯಬೇಕು ಎಂದೆ. ಕಾದರು,
ಮೀನಿಗೆ ಕಾದು ಅಭ್ಯಾಸವಿದ್ದವರ ಹಾಗೆ.

ಮಲಗಿಸಿ, ಕುತ್ತಿಗೆಯಿಂದ ತೊಡೆಸಂದಿನವರೆಗೆ
ಟೈಲರ ಟೇಪು ಹಿಡಿದೆ.
"ಅಂಗಿಗೋ?"
ಅಲ್ಲ, ನಿಮ್ಮ ತೆರೆ ನಡೆವ ದಾರಿಗೆ.

ಸೆಕೆಂಡಿಗೆ ಹದಿಮೂರು ಮೀಟರು.
ನಾಳ ಮೆತ್ತಗಿದ್ದ ಪ್ರಾಯದಲ್ಲಿ
ಏಳರಲ್ಲೋ ಎಂಟರಲ್ಲೋ ನಡೆದಿದ್ದೀತು.

ಪರದೆಯಲ್ಲಿ ಗೆರೆ ಮೂಡಿತು. ಕಚ್ಚು ಕಾಣಲಿಲ್ಲ.
ನೆತ್ತಿಯ ಮೇಲೊಂದು ಹೆಗಲು, ಹೆಗಲ ಮೇಲೊಂದು ನೆತ್ತಿ.
ಅವರು ದಿಂಬಿನಿಂದ ತಲೆ ಹೊರಳಿಸಿದರು.
"ನೀವು ಹೇಳಬೇಡಿ. ಇದು ಒಂದು ತೆರೆಯಲ್ಲ, ಎರಡು.
ಹೋದದ್ದೊಂದು, ತಿರುಗಿ ಬಂದದ್ದೊಂದು.
ಮರಳ ದಂಡೆಯಿದ್ದಾಗ
ತೆರೆ ಹೋಗಿ, ಹರಡಿ, ಸುಸ್ತಾಗಿ
ನಿಧಾನಕ್ಕೆ ಮರಳುತ್ತಿತ್ತು.
ಕಲ್ಲು ಹಾಕಿದ ಮೇಲೆ
ಬಡಿದದ್ದೇ ತಡ, ವಾಪಸು,
ಎದುರು ಬರುವ ತೆರೆಯ ಬೆನ್ನೇರುತ್ತದೆ.
ಅಳಿವೆಯಲ್ಲಿ ಆಗ ದೋಣಿಗೆ ಭಾರಿ ಕಷ್ಟ.
ಇಲ್ಲಿ ದೋಣಿ ಯಾವುದು?"

ಹೃದಯ, ಎಂದೆ.
ಇದನ್ನೇ ಕಲಿಯಲು ನನಗೆ
ಎರಡು ಸೆಮಿಸ್ಟರ್ ಹಿಡಿದಿತ್ತು.

ಪ್ರಿಂಟರ್ ಕೆಮ್ಮಿ ಕಾಗದ ಉಗುಳಿತು.
ನಾಳದ ವಯಸ್ಸು: ಎಂಬತ್ತೊಂದು.
ಕನ್ನಡಕ ಹಾಕಿ ಓದಿದರು. ತೆಗೆದರು. ಮತ್ತೆ ಹಾಕಿದರು.
"ಹದಿನೈದು ಹೆಚ್ಚು ತೋರಿಸ್ತದೆ.
ನನ್ನ ಖಾತೆಯಿಂದ ಯಾರು ತೆಗೆದದ್ದು?"

ಅಂದಾಜು, ಅಷ್ಟೇ, ಎನ್ನಹೊರಟೆ.
ಅವರಾಗಲೇ ಬೆರಳ ಗೆಣ್ಣು ಎಣಿಸುತ್ತಿದ್ದರು:
ಮೂರು ವರ್ಷ ಉಪ್ಪಡ್ ಪಚ್ಚಿಲಿಗೂ ಒಣ ನಂಗಿಗೂ.
ಎರಡು ಬೀಡಿಗೆ. "ಅದು ಸುಳ್ಳು, ಮೂರು ಬರೆಯಿರಿ."
ಆಮೇಲೆ ದನಿ ತಗ್ಗಿತು.
ತಂಗಿಯ ಮಗ ದಾಮು ಬಲೆಯೊಟ್ಟಿಗೆ ನೀರಿಗೆ ಬಿದ್ದ ರಾತ್ರಿ
ಬೆಳಗಾಗುವವರೆಗೆ
ಬೋಟನ್ನು ಅಲ್ಲೇ ಸುತ್ತು ಹಾಕಿಸಿದ್ದು.
"ಆ ಒಂದು ರಾತ್ರಿಗೆ ಐದು."
ಉಳಿದ ನಾಲ್ಕಕ್ಕೆ ಲೆಕ್ಕ ಸಿಗಲಿಲ್ಲ.
ಕೈ ಮಡಚಿದರು. "ಸುಮ್ಮನೆ ಖರ್ಚಾಗಿರಬೇಕು."

ಯಂತ್ರಕ್ಕೆ ತೆರೆಯ ಆಕಾರ ಗೊತ್ತು,
ಕಲ್ಲು ಹಾಕಿದವರ ಹೆಸರು ಗೊತ್ತಿಲ್ಲ.
ಡಾಕ್ಟರು ಮಾತ್ರೆ ಬರೆಯುತ್ತಾರೆ, ಉಪ್ಪು ಕಡಿಮೆ ಮಾಡಿ,
ದಿನಾ ನಡೆಯಿರಿ, ನಾಳ ಅಷ್ಟಿಷ್ಟು ಬಾಗಲು ಕಲಿತೀತು, ಎಂದೆ.
"ಈ ಪ್ರಾಯದಲ್ಲಿ ಬಾಗುವುದು!" ಎಂದು ನಕ್ಕು
ಎದೆಯ ಬ್ಯಾಡ್ಜ್ ಓದಿದರು, ಪ್ರೆಸಿಲ್ಲಾ.
"ಬಾಯಮ್ಮ, ನಿಮ್ಮದೊಂದು ತೋರಿಸಿ."

ಬೆಳಗಿನದನ್ನು ತೆರೆದೆ.
ನನ್ನ ಕಚ್ಚಿನ ಮೇಲೆ ಅವರ ದಪ್ಪ ಬೆರಳು.
"ಇಲ್ಲಿ ಉಂಟು ನೋಡಿ,
ದೋಣಿಯಿಂದ ಇಳಿಯುವವನಿಗೆ
ಒಂದು ಕಾಲು ಇಡುವಷ್ಟು ಜಾಗ."

ಸಂಜೆ, ಎಲ್ಲರೂ ಹೋದ ಮೇಲೆ, ಮತ್ತೆ ಒತ್ತಿದೆ.
ಇತ್ತು. ಬೆಳಿಗ್ಗೆಗಿಂತ ಆಳ ಕಡಿಮೆ.
ಅಥವಾ ಒತ್ತಿದ್ದು ಹೆಚ್ಚಾಗಿರಬೇಕು.
ಮೂವತ್ತೊಂಬತ್ತು ನನಗೆ.
ಬುತ್ತಿಯ ಮೂಲೆಯಲ್ಲಿ ಒಣಸಿಗಡಿ ಚಟ್ನಿ
ಇನ್ನೂ ಒಂದು ಚಮಚ ಉಳಿದಿತ್ತು.
ಸ್ವಲ್ಪ ಹೊತ್ತು ಅದನ್ನೇ ನೋಡಿ
ಮುಚ್ಚಳ ಹಾಕಿದೆ.
ಮತ್ತೆ ತೆಗೆದೆ.